ದೆರ್ಸುವನ್ನು ಕೊಂದಿದ್ದು ಯಾರು? ‘ದೆರ್ಸು ಉಜಾಲಾ’ ನೋಡಿದವರು ಬನ್ನಿ, ಒಂದು ಜಗಳ ಬಗೆಹರಿಸಿ

ಹಳೇರೀಲು:
ಮೈಸೂರಿನಲ್ಲಿ ನಾವು 12 ಜನ ತಿಂಗಳಿಗೊಂದು ಸಿನಿಮಾ ನೋಡುತ್ತೇವೆ. ಕ್ಲಬ್ಬು ಗಿಬ್ಬು ಏನಿಲ್ಲ. ಒಬ್ಬರ ಮನೆ ಮಹಡಿ, ಒಂದು ಪ್ರೊಜೆಕ್ಟರ್, ಗೋಡೆಗೆ ಬಿಳಿ ಪಂಚೆ. ಮೊನ್ನೆ ಭಾನುವಾರ ಜಪಾನಿನ ನಿರ್ದೇಶಕ ಕುರೊಸಾವಾನ ‘ದೆರ್ಸು ಉಜಾಲಾ’ ಹಾಕಿದ್ದೆವು. 1975ರ ಸಿನಿಮಾ. ಮುಗಿದ ಮೇಲೆ ಕಾಫಿ ಕುಡಿದು ಮನೆಗೆ ಹೋಗುವುದು ವಾಡಿಕೆ. ಈ ಸಲ ರಾತ್ರಿ 12 ಹೊಡೆದರೂ ಯಾರೂ ಏಳಲಿಲ್ಲ. ಅಷ್ಟು ಜಗಳ.

ನೋಡದವರಿಗೆ ಕಥೆ ಚಿಕ್ಕದಾಗಿ ಹೇಳುತ್ತೇನೆ. ರಷ್ಯಾದ ಪೂರ್ವದ ತುತ್ತತುದಿ, ಉಸ್ಸುರಿ ನದಿಯ ಸೀಮೆ. 1902. ಅರ್ಸೆನ್ಯೆವ್ ಅನ್ನುವ ಸೇನೆಯ ಕ್ಯಾಪ್ಟನ್ ಸಿಪಾಯಿಗಳನ್ನು ಕಟ್ಟಿಕೊಂಡು ನಕ್ಷೆ ಮಾಡಲು ಕಾಡಿಗೆ ಬಂದಿದ್ದಾನೆ. ಒಂದು ರಾತ್ರಿ ಬೆಂಕಿ ಹಾಕಿಕೊಂಡು ಕೂತಿರುವಾಗ ಕತ್ತಲಿಂದ ಒಬ್ಬ ಕುಳ್ಳ ಬೇಟೆಗಾರ ಬರುತ್ತಾನೆ. ಅವನೇ ದೆರ್ಸು. ನಾನಾಯ್ ಬುಡಕಟ್ಟಿನವನು, ಆಗ ಅವರನ್ನು ಗೋಲ್ಡಿ ಅನ್ನುತ್ತಿದ್ದರು. ಹೆಂಡತಿ ಮಕ್ಕಳು ಸಿಡುಬಿಗೆ ಹೋಗಿದ್ದಾರೆ. ಅವನು ದಾರಿ ತೋರಿಸುತ್ತಾನೆ, ಕ್ಯಾಪ್ಟನ್ ಜೀವ ಉಳಿಸುತ್ತಾನೆ, ಇಬ್ಬರೂ ಗೆಳೆಯರಾಗುತ್ತಾರೆ. ವರ್ಷಗಳಾದ ಮೇಲೆ ದೆರ್ಸುವಿನ ಕಣ್ಣು ಮಂಜಾಗುತ್ತದೆ. ಕ್ಯಾಪ್ಟನ್ ಅವನನ್ನು ಖಬಾರೊವ್ಸ್ಕ್ ಪಟ್ಟಣದ ತನ್ನ ಮನೆಗೆ ಕರೆತರುತ್ತಾನೆ. ಅಲ್ಲಿ ಅವನಿಗೆ ಉಸಿರು ಕಟ್ಟಿದಂತಾಗುತ್ತದೆ. ಕಾಡಿಗೇ ಹೋಗ್ತೀನಿ ಅನ್ನುತ್ತಾನೆ. ಕ್ಯಾಪ್ಟನ್ ಒಂದು ಹೊಚ್ಚ ಹೊಸ ರೈಫಲ್ ಕೊಟ್ಟು ಕಳಿಸುತ್ತಾನೆ. ಆ ರೈಫಲ್ ಆಸೆಗೇ ಯಾರೋ ಕೊಂದಿರಬೇಕು ಅನ್ನುವುದು ಪೊಲೀಸಿನವನ ಊಹೆ.

ನಮ್ಮಲ್ಲಿ ಅರ್ಧ ಜನ ‘ಕೊಂದಿದ್ದು ಕ್ಯಾಪ್ಟನ್ನೇ’ ಅಂದರು. ಇನ್ನರ್ಧ ಜನ ‘ಪ್ರೀತಿಯಿಂದ ಕೊಟ್ಟಿದ್ದಕ್ಕೆ ಕೊಲೆ ಅಂತೀರಾ’ ಅಂತ ಕೂಗಾಡಿದರು. ನೀವೇನಂತೀರಿ?

ಮೂರನೇಬೆಂಚು:
ಕ್ಲೈಮ್ಯಾಕ್ಸ್ ಪೂರ್ತಿ ಹೇಳಿಬಿಟ್ರಲ್ಲ ಸಾರ್! ಈ ವಾರ ನೋಡೋಣ ಅಂತಿದ್ದೆ.

ಹಳೇರೀಲು:
50 ವರ್ಷ ಟೈಮ್ ಕೊಟ್ಟಿದ್ದೆವಲ್ಲ. ಅಲ್ಲದೆ ಸಿನಿಮಾ ಶುರುವಾಗೋದೇ ಅವನ ಸಮಾಧಿ ಹುಡುಕುವುದರಿಂದ. ಮೊದಲ 5 ನಿಮಿಷದಲ್ಲೇ ಅವನು ಸತ್ತಿದ್ದಾನೆ ಅಂತ ಗೊತ್ತಾಗುತ್ತದೆ. ಧೈರ್ಯವಾಗಿ ನೋಡಿ.

ಬಯಲುಸೀಮೆ:
ನನ್ನ ಓಟು ಕ್ಯಾಪ್ಟನ್ ವಿರುದ್ಧ. ಕಣ್ಣು ಕಾಣದ ಮುದುಕನಿಗೆ ಆ ಕಾಲದ ದುಬಾರಿ ರೈಫಲ್ ಕೊಟ್ಟು ಒಬ್ಬನನ್ನೇ ಕಾಡಿಗೆ ಕಳಿಸುವುದಾ? ಸಂತೆಗೆ ಹೋಗುವ ಮುದುಕಿಯ ಕೊರಳಿಗೆ ಬಂಗಾರ ಹಾಕಿ ಕಳಿಸಿದ ಹಾಗೆ. ಅವನ ಹಳೇ ಕೋವಿಯನ್ನು ಯಾವ ಕಳ್ಳನೂ ಮುಟ್ಟುತ್ತಿರಲಿಲ್ಲ.

ನಿದ್ದೆಗೆಟ್ಟವನು:
ನಾನು ನೋಡಿದ್ದೇನೆ. ಅಂದರೆ ಮೊದಲ 40 ನಿಮಿಷ ನೋಡಿದ್ದೇನೆ. ಆಮೇಲೆ ಬಹಳ ವರ್ಷಗಳ ನಂತರ ಚೆನ್ನಾಗಿ ನಿದ್ದೆ ಬಂತು. ಕುರೊಸಾವಾನಿಗೆ ಕೃತಜ್ಞ.

ಪುಸ್ತಕದಹುಳ:
@ಬಯಲುಸೀಮೆ, ಕಣ್ಣು ಮಂಜಾಗಿದೆ ಅಂತಲೇ ತಾನೇ ಹೊಸ ರೈಫಲ್ ಕೊಟ್ಟಿದ್ದು? ಗುರಿ ಹಿಡಿಯಲು ಸುಲಭವಾಗಲಿ ಅಂತ. ಉದ್ದೇಶ ಸರಿಯಾಗೇ ಇತ್ತು.

ಇನ್ನೊಂದು ವಿಷಯ. ಇದು ಬರೀ ಕಟ್ಟುಕಥೆಯಲ್ಲ. ವ್ಲಾದಿಮಿರ್ ಅರ್ಸೆನ್ಯೆವ್ ನಿಜವಾದ ವ್ಯಕ್ತಿ, 1872ರಲ್ಲಿ ಹುಟ್ಟಿ 1930ರಲ್ಲಿ ತೀರಿಕೊಂಡ. ಅವನ ಪ್ರವಾಸದ ಪುಸ್ತಕಗಳೇ ಸಿನಿಮಾಕ್ಕೆ ಆಧಾರ. ಒಂದು 1921ರಲ್ಲಿ ಬಂತು, ದೆರ್ಸುವಿನ ಹೆಸರಲ್ಲೇ ಇರುವುದು 1923ರಲ್ಲಿ. ದೆರ್ಸು ಕೂಡ ನಿಜವಾದವನು. ಡೈರಿಗಳಲ್ಲಿ ಅವನ ಹೆಸರು ದೆರ್ಚು ಒಜಾಲ್ ಅಂತ ಇದೆ. ಡೈರಿ ಪ್ರಕಾರ ಇಬ್ಬರೂ ಮೊದಲು ಸಿಕ್ಕಿದ್ದು 1906ರಲ್ಲಿ. ಪುಸ್ತಕದಲ್ಲಿ, ಸಿನಿಮಾದಲ್ಲಿ ಅದು 1902ಕ್ಕೆ ಹೋಗಿದೆ. ಅವನ ಕೊಲೆಯಾಗಿದ್ದು 1908ರಲ್ಲಿ, ಖಬಾರೊವ್ಸ್ಕ್ ಹತ್ತಿರದ ಕೊರ್ಫೊವ್ಸ್ಕಾಯಾ ರೈಲು ನಿಲ್ದಾಣದ ಬಳಿ.

ಅಂದರೆ ನಿಜ ಬದುಕಿನಲ್ಲಿ ಇವರ ಗೆಳೆತನ ಎರಡು ವರ್ಷವೂ ಇರಲಿಲ್ಲ! ಅದು ಗೊತ್ತಾದ ಮೇಲೆ ನನಗೆ ಕಥೆ ಇನ್ನೂ ಇಷ್ಟವಾಯಿತು.

ಬಯಲುಸೀಮೆ:
ಇಷ್ಟ ಆಯ್ತಾ? ಅಂದ್ರೆ ಕ್ಯಾಪ್ಟನ್ ಸಾಹೇಬರು ತಾರೀಖನ್ನೇ ತಿದ್ದಿದ್ದಾರೆ ಅಂತಾಯ್ತು. ಇನ್ನೇನೇನು ತಿದ್ದಿದ್ದಾರೋ.

ಪುಸ್ತಕದಹುಳ:
ತಿದ್ದಿರಬಹುದು. ಅವನು ಬರೆದದ್ದು ಸರ್ಕಾರಿ ವರದಿಯಲ್ಲ. ಹಲವು ಬೇಟೆಗಾರರ ಗುಣಗಳನ್ನು ಒಬ್ಬ ದೆರ್ಸುವಿನೊಳಗೆ ಹಾಕಿದ್ದಾನೆ ಅನ್ನುವವರೂ ಇದ್ದಾರೆ. ಸತ್ತ ಗೆಳೆಯನ ಬಗ್ಗೆ ಬರೆಯುವಾಗ ಯಾರಾದರೂ ಎರಡು ದಿನ ಜಾಸ್ತಿಯೇ ಸೇರಿಸುತ್ತಾರೆ ಬಿಡಿ.

ಕೊರೆವಚಳಿ:
ವಿನ್ನಿಪೆಗ್‌ನಿಂದ ನಮಸ್ಕಾರ. ಯಾರು ಕೊಂದರು ಅನ್ನುವುದು ಆಮೇಲೆ ನೋಡೋಣ. ಖಾಂಕಾ ಸರೋವರದ ದೃಶ್ಯದ ಬಗ್ಗೆ ಯಾರೂ ಮಾತೇ ಆಡಿಲ್ಲವಲ್ಲ!

ಇಬ್ಬರೂ ಹೆಪ್ಪುಗಟ್ಟಿದ ಸರೋವರದ ಮೇಲೆ ದಾರಿ ತಪ್ಪುತ್ತಾರೆ. ಗಾಳಿಗೆ ಅವರ ಹೆಜ್ಜೆ ಗುರುತೆಲ್ಲ ಅಳಿಸಿಹೋಗಿದೆ. ಸೂರ್ಯ ಇಳಿಯುತ್ತಿದ್ದಾನೆ. ದೆರ್ಸು ಒಂದೇ ಮಾತು ಹೇಳುತ್ತಾನೆ, ಹುಲ್ಲು ಕೊಯ್ಯಿ, ಬೇಗ ಕೊಯ್ಯಿ. ಅಷ್ಟೇ. ಮುಂದಿನ ಹಲವು ನಿಮಿಷ ಇಬ್ಬರು ಹುಲ್ಲು ಕೊಯ್ಯುವುದನ್ನು ಬಿಟ್ಟರೆ ಪರದೆ ಮೇಲೆ ಏನೂ ಇಲ್ಲ. ಸಂಗೀತವೂ ಇಲ್ಲ, ಬರೀ ಗಾಳಿ, ಏದುಸಿರು. ಬೆಂಗಳೂರಲ್ಲಿ ಕಾಲೇಜಿನಲ್ಲಿದ್ದಾಗ ನೋಡಿ ‘ಅಬ್ಬಾ ಎಷ್ಟು ಹೊತ್ತಪ್ಪಾ’ ಅಂದುಕೊಂಡಿದ್ದೆ. ಇಲ್ಲಿಗೆ ಬಂದ ಮೇಲೆ ಮತ್ತೆ ನೋಡಿದೆ, ಅಂಗೈ ಬೆವರಿತು.

ಮೈನಸ್ 30ರಲ್ಲಿ ಗಾಳಿ ಇಲ್ಲದಿದ್ದರೆ ಹೇಗೋ ನಡೆಯಬಹುದು. ಗಾಳಿ ಬೀಸಿತೋ ಮುಗಿಯಿತು. ಮೈ ಸುತ್ತ ನಾವೇ ಬೆಚ್ಚಗೆ ಮಾಡಿಟ್ಟುಕೊಂಡ ಗಾಳಿಯ ಪದರವನ್ನು ಅದು ಹೊತ್ತೊಯ್ಯುತ್ತದೆ. ಒಮ್ಮೆ ಹೆದ್ದಾರಿಯಲ್ಲಿ ನನ್ನ ಕಾರು ಸತ್ತುಹೋಗಿ ಸಹಾಯ ಬರುವವರೆಗೆ ಒಳಗೇ ಕೂತಿದ್ದೆ. ಹೀಟರ್ ಇಲ್ಲ. ಆದರೂ ಬದುಕಿದೆ, ಯಾಕೆಂದರೆ ಕಾರು ಗಾಳಿ ತಡೆಯಿತು. ದೆರ್ಸು ಮಾಡಿದ್ದೂ ಅದನ್ನೇ. ಕ್ಯಾಪ್ಟನ್‌ನ ಅಳತೆ ಉಪಕರಣದ ಮೂರು ಕಾಲಿನ ಸ್ಟ್ಯಾಂಡನ್ನೇ ಗೂಟ ಮಾಡಿ, ಮೇಲೆ ಹುಲ್ಲಿನ ಗುಪ್ಪೆ ಹಾಕಿ, ಬಿಗಿದು ಕಟ್ಟಿ, ಪ್ರಜ್ಞೆ ತಪ್ಪಿದವನನ್ನು ಒಳಗೆ ಎಳೆದುಕೊಂಡ. ಒಣ ಹುಲ್ಲಿನ ದಂಟು ಟೊಳ್ಳು. ಅದರೊಳಗೂ ಗಾಳಿ, ದಂಟುಗಳ ನಡುವೆಯೂ ಗಾಳಿ. ಅಲ್ಲಾಡದೆ ನಿಂತ ಗಾಳಿಗಿಂತ ಒಳ್ಳೆ ಕಂಬಳಿ ಇಲ್ಲ.

ಗದ್ದೆಬದು:
ಭತ್ತದ ಹುಲ್ಲಿನ ಬಣವೆಯೊಳಗೆ ಕೈ ಹಾಕಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಚಿಕ್ಕವರಿದ್ದಾಗ ಕಣ ಕಾಯಲು ಹೋಗಿ ಬಣವೆಯೊಳಗೆ ತೂತು ಮಾಡಿ ಮಲಗುತ್ತಿದ್ದೆವು. ಹೊರಗೆ ಹಲ್ಲು ಕಟಕಟ, ಒಳಗೆ ಬೆವರು. ಒಂದೇ ತೊಂದರೆ, ಮೂರು ದಿನ ಮೈ ಕೆರೆತ.

ಕೊರೆವಚಳಿ:
ಸಖತ್! ಅದೇ ವಿದ್ಯೆ. ಆ ಕಡೆಯವರು ಬೂಟಿನೊಳಗೂ ಒಂದು ಜಾತಿಯ ಒಣ ಹುಲ್ಲು ತುಂಬಿಕೊಳ್ಳುತ್ತಿದ್ದರು. ಈಶಾನ್ಯ ಚೀನಾದಲ್ಲಿ ‘ಮೂರು ಸಂಪತ್ತು’ ಅಂತ ಒಂದು ಮಾತಿದೆ. ಒಂದು ಜಿನ್ಸೆಂಗ್ ಬೇರು, ಇನ್ನೊಂದು ಸೇಬಲ್ ಪ್ರಾಣಿಯ ತುಪ್ಪಳ, ಮೂರನೆಯದು ಈ ವೂಲಾ ಹುಲ್ಲು. ಮೊದಲೆರಡು ಸಾಹುಕಾರರಿಗೆ, ಹುಲ್ಲು ಬಡವನ ಸಂಪತ್ತು.

ಮೂರನೇಬೆಂಚು:
ನಾನು ಇಲ್ಲಿ ಟ್ರೆಕ್ಕಿಂಗ್‌ಗೆ 9 ಸಾವಿರದ ಜಾಕೆಟ್ ತಗೊಂಡೆ. ಹುಲ್ಲು ತುಂಬಿಕೊಳ್ಳಬಹುದಿತ್ತು.

ನಕಾಶೆ:
ಸರ್ವೆ ಇಲಾಖೆಯಲ್ಲಿ 31 ವರ್ಷ ಕೆಲಸ ಮಾಡಿ ನಿವೃತ್ತನಾದವನು ನಾನು. ಆ ಮೂರು ಕಾಲಿನ ಸ್ಟ್ಯಾಂಡ್ ಹೊತ್ತು ಹೆಗಲು ಬಾಗಿದೆ. ಹಾಗಾಗಿ ಈ ಸಿನಿಮಾದಲ್ಲಿ ನನ್ನ ಕಣ್ಣು ಮೊದಲಿಂದಲೂ ಅದರ ಮೇಲೇ ಇತ್ತು.

ಹಳೇರೀಲು ಅವರ ಪ್ರಶ್ನೆಗೆ ನನ್ನ ಉತ್ತರ ಬೇರೆ. ಕೊಂದಿದ್ದು ರೈಫಲ್ ಅಲ್ಲ, ನಕ್ಷೆ. ಆ ಸೀಮೆ 1860ರ ಪೀಕಿಂಗ್ ಒಪ್ಪಂದದವರೆಗೆ ಚೀನಾದ ಲೆಕ್ಕದಲ್ಲಿತ್ತು. ಆಮೇಲೆ ರಷ್ಯಾದ್ದಾಯಿತು. ವ್ಲಾದಿವೊಸ್ತೋಕ್ ಕಟ್ಟಿದ್ದೂ ಅದೇ ವರ್ಷ. ಹೊಸ ಯಜಮಾನನಿಗೆ ತನ್ನ ಜಮೀನಿನಲ್ಲಿ ಏನಿದೆ ಅಂತ ಗೊತ್ತಿಲ್ಲ. ಅದಕ್ಕೇ ಸೇನೆಯವನ ಕೈಗೆ ಉಪಕರಣ ಕೊಟ್ಟು ಕಳಿಸಿದ್ದು. ಎಲ್ಲಿ ಕಣಿವೆ, ಎಲ್ಲಿ ಘಾಟಿ, ಎಲ್ಲಿ ಹೊಳೆ ದಾಟಬಹುದು, ಎಲ್ಲಿ ಯಾರು ವಾಸವಿದ್ದಾರೆ. ನಕ್ಷೆ ಆದ ಮೇಲೆ ರಸ್ತೆ. ರಸ್ತೆ ಆದ ಮೇಲೆ ಮರದ ವ್ಯಾಪಾರಿ, ಒಕ್ಕಲು, ಪೊಲೀಸ್ ಠಾಣೆ. ಸಿನಿಮಾದ ಮೊದಲ ದೃಶ್ಯ ನೆನಪು ಮಾಡಿಕೊಳ್ಳಿ. 1910. ಕ್ಯಾಪ್ಟನ್ ಸಮಾಧಿ ಹುಡುಕುತ್ತಾನೆ, ಗುರುತಿಗೆಂದು ಇಟ್ಟುಕೊಂಡಿದ್ದ ದೊಡ್ಡ ಮರಗಳೇ ಇಲ್ಲ. ಹೊಸ ಊರು ಕಟ್ಟುತ್ತಿದ್ದಾರೆ. ಮರ ಕಡಿದಿದ್ದಾರೆ. ಇಡೀ ಕಾಡಿನ ನಕ್ಷೆ ಮಾಡಿದವನಿಗೆ ಗೆಳೆಯನ ಸಮಾಧಿ ಎಲ್ಲಿದೆ ಅಂತ ಸಿಗುವುದಿಲ್ಲ.

ದೆರ್ಸುವಿಗೆ ಕಾಡು ಗೊತ್ತಿತ್ತು, ಕ್ಯಾಪ್ಟನ್‌ಗೆ ಬರೆಯಲು ಗೊತ್ತಿತ್ತು. ಇಬ್ಬರೂ ಸೇರಿ ಕಾಡನ್ನು ಕಾಗದಕ್ಕೆ ಇಳಿಸಿದರು.

ಬಯಲುಸೀಮೆ:
ಸಾರ್, ಇದನ್ನೇ ನಾನು ಹೇಳಬೇಕು ಅಂತಿದ್ದೆ, ಬರಲಿಲ್ಲ.

ಪುಸ್ತಕದಹುಳ:
@ನಕಾಶೆ ಸಾರ್, ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ಅರ್ಸೆನ್ಯೆವ್ ನಕ್ಷೆ ಮಾಡದಿದ್ದರೆ ಇನ್ಯಾರೋ ಮಾಡುತ್ತಿದ್ದರು. ಆ ಇನ್ಯಾರೋ ದೆರ್ಸುವಿನ ಹೆಸರು ಕೂಡ ಬರೆದಿಡುತ್ತಿರಲಿಲ್ಲ.

ನಕಾಶೆ:
ಅದೂ ನಿಜ. ಆದರೆ ಹೆಸರುಗಳ ಮಾತು ಬಂತು ಅಂತ ಒಂದು ಹೇಳುತ್ತೇನೆ. 1969ರ ಮಾರ್ಚ್‌ನಲ್ಲಿ ಅದೇ ಉಸ್ಸುರಿ ನದಿಯ ದಮಾನ್ಸ್ಕಿ ಅನ್ನುವ ಪುಟ್ಟ ದ್ವೀಪಕ್ಕಾಗಿ ಸೋವಿಯತ್ ಮತ್ತು ಚೀನಾ ಸೈನ್ಯಗಳು ಗುಂಡು ಹಾರಿಸಿಕೊಂಡವು. 1972ರಲ್ಲಿ ಸೋವಿಯತ್ ಸರ್ಕಾರ ಆ ಸೀಮೆಯ ಚೀನೀ ಮೂಲದ ಊರು, ಹೊಳೆಗಳ ಹೆಸರುಗಳನ್ನೆಲ್ಲ ಒಂದೇ ಏಟಿಗೆ ಬದಲಿಸಿತು. ಇಮಾನ್ ಹೋಗಿ ದಾಲ್ನೆರೆಚೆನ್ಸ್ಕ್ ಆಯಿತು. ಸುಚಾನ್ ಹೋಗಿ ಪಾರ್ಟಿಜಾನ್ಸ್ಕ್. ತೆತ್ಯುಖೆ ಹೋಗಿ ದಾಲ್ನೆಗೊರ್ಸ್ಕ್. ಅರ್ಸೆನ್ಯೆವ್‌ನ ಪುಸ್ತಕ ಹಿಡಿದು ಇವತ್ತಿನ ನಕ್ಷೆ ನೋಡಿದರೆ ಅರ್ಧ ಊರು ಸಿಗುವುದಿಲ್ಲ. ಕುರೊಸಾವಾ ಅಲ್ಲಿ ಕ್ಯಾಮೆರಾ ಇಟ್ಟಿದ್ದು ಇದಾಗಿ ಎರಡೇ ವರ್ಷಕ್ಕೆ. ಸಿನಿಮಾದಲ್ಲಿ ಬರುವ ಚೀನೀ ದರೋಡೆಕೋರರು, ಪ್ರಾಣಿ ಬೀಳಲೆಂದು ತೋಡಿಟ್ಟ ಗುಂಡಿಗಳು, ಇವನ್ನೆಲ್ಲ ಈ ಹಿನ್ನೆಲೆಯಲ್ಲಿ ನೋಡಬೇಕು.

ಹಳೇರೀಲು:
ಆದರೆ ಒಬ್ಬ ಚೀನೀ ಮುದುಕನೂ ಬರುತ್ತಾನಲ್ಲ ಸಾರ್. ತಮ್ಮನೇ ಹೆಂಡತಿಯನ್ನು ಕರೆದುಕೊಂಡು ಹೋದ ಮೇಲೆ ವರ್ಷಗಟ್ಟಲೆ ಕಾಡಿನಲ್ಲಿ ಒಂಟಿಯಾಗಿ ಇರುವವನು. ದೆರ್ಸು ಅವನನ್ನು ಮಾತಾಡಿಸಬೇಡಿ, ಅವನು ಈಗ ತನ್ನ ಮನೆ ನೋಡುತ್ತಿದ್ದಾನೆ ಅನ್ನುತ್ತಾನೆ. ಮುದುಕ ಸುಮ್ನೆ ಕೂತಿರುತ್ತಾನೆ. ಇಡೀ ಸಿನಿಮಾದಲ್ಲಿ ನನಗೆ ಅತ್ಯಂತ ಇಷ್ಟವಾದ ಎರಡು ನಿಮಿಷ ಅದು.

ನಕಾಶೆ:
ಹೌದು. ಆ ಮುದುಕನ ವಿಷಯದಲ್ಲಿ ತಕರಾರಿಲ್ಲ.

ಕಾಡುಪಾಪ:
ಚಾಮರಾಜನಗರದ ಕಡೆ ಒಂದು ಸಂಸ್ಥೆಯಲ್ಲಿ ಕೆಲಸ ಮಾಡುತ್ತೇನೆ, ಕಾಡಿನ ಸೋಲಿಗರ ಪೋಡುಗಳಿಗೆ, ಅಂದರೆ ಹಾಡಿಗಳಿಗೆ, ಓಡಾಟ ಇದ್ದೇ ಇದೆ. ನನಗೆ ಇಂಥ ಸಿನಿಮಾಗಳ ಬಗ್ಗೆ ಒಂದು ಕಿರಿಕಿರಿ. ಕಾಡಿನವನು ಯಾವಾಗಲೂ ಒಳ್ಳೆಯವನು, ಮುಗ್ಧ, ಬೆಂಕಿ ನೀರಿನ ಜೊತೆ ಮಾತಾಡುವವನು. ಪಟ್ಟಣದವನು ಅವನನ್ನು ನೋಡಿ ಕಲಿಯುತ್ತಾನೆ. ಕೊನೆಗೆ ಸಾಯುವುದು ಮಾತ್ರ ಕಾಡಿನವನು. ಪಟ್ಟಣದವನು ಪುಸ್ತಕ ಬರೆಯುತ್ತಾನೆ.

ಟೀಚರಮ್ಮ:
ಮುಗ್ಧ ಅಂತ ಎಲ್ಲಿದೆ? ದೆರ್ಸು ಮುಂಗೋಪಿ. ಸಿಪಾಯಿಗಳಿಗೆ ನೀವು ಮಕ್ಕಳ ಥರ, ಕಣ್ಣಿದ್ದೂ ನೋಡಲ್ಲ ಅಂತ ಬೈಯುತ್ತಾನೆ. ಬೆಂಕಿ ಚಟಪಟ ಅಂದರೆ ಬೆಂಕಿಗೂ ಬೈಯುತ್ತಾನೆ. ಸೇಬಲ್ ಮಾರಿ ಬಂದ ಒಳ್ಳೆ ದುಡ್ಡನ್ನು ಒಬ್ಬ ವ್ಯಾಪಾರಿಯ ಕೈಗೆ ಇಟ್ಟುಕೊಳ್ಳಲು ಕೊಟ್ಟು ಕಳೆದುಕೊಳ್ಳುತ್ತಾನೆ. ಹೆಜ್ಜೆ ಗುರುತು ನೋಡಿ ಮನುಷ್ಯನ ವಯಸ್ಸು ಹೇಳುವವನಿಗೆ ಎದುರಿಗೆ ನಿಂತ ಮೋಸಗಾರ ಗೊತ್ತಾಗಲಿಲ್ಲ. ಹೀಗೆ ಒಂದು ಕಡೆ ಜಾಣ, ಇನ್ನೊಂದು ಕಡೆ ಪೆದ್ದ. ನಮ್ಮಂತೆಯೇ ಅಲ್ವಾ?

ಕಾಡುಪಾಪ:
ಆ ವ್ಯಾಪಾರಿಯ ವಿಷಯ ನಾನು ಮರೆತಿದ್ದೆ ಮೇಡಂ. ಸರಿ, ಅರ್ಧ ಮಾತು ವಾಪಸ್.

ಉಳಿದರ್ಧ ಮಾತು ಭಾಷೆ ಬಗ್ಗೆ. ಅವನ ಕೈಲಿ ಮುರುಕು ಮುರುಕಾಗಿ ಮಾತಾಡಿಸಿದ್ದಾರೆ. ‘ನಾನು ಹೋಗು, ನೀನು ಬಾ’ ಅನ್ನುವ ಧಾಟಿ. ಕೇಳಿದವರಿಗೆ ನಗು ಬರುತ್ತದೆ. ನಾವು ನೋಡುವಾಗ ಪಕ್ಕದವರು ನಕ್ಕರು.

ಪುಸ್ತಕದಹುಳ:
ಅದು ಬರೀ ಕಟ್ಟಿದ್ದಲ್ಲ. ಆ ಗಡಿಯಲ್ಲಿ ರಷ್ಯನ್ನರು, ಚೀನೀಯರು, ಬುಡಕಟ್ಟಿನವರು ವ್ಯಾಪಾರಕ್ಕೆ ಬಳಸುತ್ತಿದ್ದ ಒಂದು ಕಲಬೆರಕೆ ರಷ್ಯನ್ ಇತ್ತು. ‘ನಾನು’ ಅನ್ನಲು ‘ಮೋಯಾ’, ‘ನೀನು’ ಅನ್ನಲು ‘ತ್ವೋಯಾ’. ನಿಜವಾದ ಅರ್ಥ ನನ್ನದು, ನಿನ್ನದು ಅಂತ. ಸಂತೆ ಭಾಷೆ ಅನ್ನಿ. ಅರ್ಸೆನ್ಯೆವ್ ಕೇಳಿದ್ದನ್ನು ಹಾಗೇ ಬರೆದ.

ಟೀಚರಮ್ಮ:
ನಗುವವರಿಗೆ ಒಂದು ಮಾತು ಕೇಳಬೇಕಿತ್ತು. ದೆರ್ಸು ಮುರುಕು ರಷ್ಯನ್ ಮಾತಾಡಿದ, ಸರಿ. ಕ್ಯಾಪ್ಟನ್ ಎಷ್ಟು ನಾನಾಯ್ ಮಾತಾಡಿದ?

ಕಾಡುಪಾಪ:
👏 ಮೇಡಂ, ಇದನ್ನು ನಮ್ಮ ಆಫೀಸಿನ ಗೋಡೆಗೆ ಬರೆಸುತ್ತೇನೆ.

ಹಳೇರೀಲು:
ದೆರ್ಸು ಪಾತ್ರ ಮಾಡಿದ ಮಾಕ್ಸಿಮ್ ಮುಂಝುಕ್ ಕೂಡ ನಾನಾಯ್ ಅಲ್ಲ. ತುವಾದವನು, ಅಂದರೆ ಮಂಗೋಲಿಯಾದ ಗಡಿ ಕಡೆ. ಅಲ್ಲಿನ ರಂಗಭೂಮಿ ಕಟ್ಟಿದವರಲ್ಲಿ ಒಬ್ಬ, ಹಾಡುಗಾರ. ಕ್ಯಾಪ್ಟನ್ ಆಗಿ ಯೂರಿ ಸೊಲೊಮಿನ್. ನಮ್ಮ ಗುಂಪಿನಲ್ಲಿ ಒಬ್ಬರು ‘ಮೈಸೂರಿನವನ ಪಾತ್ರವನ್ನು ಮಣಿಪುರದವನ ಕೈಲಿ ಮಾಡಿಸಿದ ಹಾಗೆ’ ಅಂದರು. ಇನ್ನೊಬ್ಬರು ‘ಆ ಮುಖದಲ್ಲಿ ನಟನೆಯೇ ಕಾಣಲಿಲ್ಲ, ಯಾವ ಊರಿನವನಾದರೇನು’ ಅಂದರು. ನಾನು ಎರಡನೆಯವರ ಕಡೆ.

ನಿದ್ದೆಗೆಟ್ಟವನು:
ಇಷ್ಟೆಲ್ಲ ಓದಿದ ಮೇಲೆ ಉಳಿದ ಭಾಗ ನೋಡಲೇಬೇಕು ಅನ್ನಿಸುತ್ತಿದೆ. ಹುಲಿ ಬರುತ್ತದಾ?

ಹಳೇರೀಲು:
ಬರುತ್ತದೆ. ಅದರಿಂದಲೇ ಎಲ್ಲ ಕೆಡುವುದು. ಹುಲಿಗೆ ಅವನು ‘ಅಂಬಾ’ ಅನ್ನುತ್ತಾನೆ. ಮೊದಮೊದಲು ಅದರ ಜೊತೆ ಮಾತಾಡುತ್ತಾನೆ, ನಾವು ನಮ್ಮ ದಾರಿ, ನೀನು ನಿನ್ನ ದಾರಿ ಅನ್ನುವ ಹಾಗೆ. ಆಮೇಲೊಮ್ಮೆ ಗಾಬರಿಯಲ್ಲಿ ಗುಂಡು ಹೊಡೆದುಬಿಡುತ್ತಾನೆ. ಕಾಡಿನ ದೇವರು ಕಾಂಗಾ ಸಿಟ್ಟಾದ, ಇನ್ನೊಂದು ಅಂಬಾ ಕಳಿಸುತ್ತಾನೆ ಅನ್ನುವ ಭಯ ಹೊಕ್ಕುತ್ತದೆ. ಕಣ್ಣೂ ಕೈಕೊಡುತ್ತದೆ, ಗುರಿ ತಪ್ಪುತ್ತದೆ. ಪಟ್ಟಣಕ್ಕೆ ಬರಲು ಒಪ್ಪುವುದೇ ಆ ಭಯಕ್ಕೆ.

ಕಾಡುಪಾಪ:
ಸೋಲಿಗರಲ್ಲಿ ಹುಲಿವೀರಪ್ಪ ಅಂತ ದೇವರು. ಹುಲಿ ಅವರಿಗೆ ಸುಮ್ಮನೆ ಪ್ರಾಣಿಯಲ್ಲ. ಹಾಗಾಗಿ ದೆರ್ಸುವಿನ ನಡುಕ ನನಗೆ ವಿಚಿತ್ರ ಅನ್ನಿಸಲೇ ಇಲ್ಲ.

ವಿಷಯ ಬಿಟ್ಟು ಹೋಗುತ್ತಿದ್ದೇನೆ, ಆದರೂ ಹೇಳಿಬಿಡುತ್ತೇನೆ. ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶ ಆಗಿದ್ದು 2011ರಲ್ಲಿ. ಅದೇ ವರ್ಷ ಅಲ್ಲಿನ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಕಾಡಿನೊಳಗೆ ಇಂಥ ಹಕ್ಕು ಪಡೆದವರಲ್ಲಿ ಅವರೇ ಮೊದಲಿಗರು. ಹಳಬರು ಈಗಲೂ ತರಗು ಬೆಂಕಿ ಬಗ್ಗೆ ಹೇಳುತ್ತಾರೆ. ಬೇಸಿಗೆ ಶುರುವಿನಲ್ಲಿ ಒಣಗಿದ ಎಲೆಗೆ ಸಣ್ಣಗೆ ಬೆಂಕಿ ಕೊಡುತ್ತಿದ್ದರು. ಅದು ನಿಂತ ಮೇಲೆ ಲಂಟಾನ ಕಳೆ ತುಂಬಿಕೊಂಡಿತು ಅನ್ನುವುದು ಅವರ ಮಾತು. ಅದನ್ನು ಕೇಳಿಸಿಕೊಳ್ಳುವ ಕ್ಯಾಪ್ಟನ್‌ಗಳು ಕಮ್ಮಿ.

ಮೂರನೇಬೆಂಚು:
ಇಷ್ಟು ಹೊತ್ತಾದರೂ ಯಾರೂ ತೇಜಸ್ವಿ ಹೆಸರು ಎತ್ತಿಲ್ಲ. ಇದು ಕನ್ನಡದವರ ಚರ್ಚೆಯೇ ಅಂತ ಅನುಮಾನ ಬರುತ್ತಿದೆ.

ಗದ್ದೆಬದು:
ಎತ್ತೋಣ ಅಂತ ಬಾಯಿ ತೆಗೆದಿದ್ದೆ ಮಾರಾಯ್ರೇ. ‘ಕರ್ವಾಲೋ’ದ ಮಂದಣ್ಣನೂ ವಿಜ್ಞಾನಿಯೂ ಇದೇ ಜೋಡಿ ಅಲ್ವಾ? ಒಬ್ಬನಿಗೆ ಗೊತ್ತಿದೆ, ಇನ್ನೊಬ್ಬನಿಗೆ ಅದರ ಬೆಲೆ ಗೊತ್ತಿದೆ.

ಬಯಲುಸೀಮೆ:
ಇಲ್ಲ ಇಲ್ಲ. ಮಂದಣ್ಣನಿಗೆ ತನ್ನ ಮದುವೆ, ಕೆಲಸ, ಊರಿನ ರಗಳೆ ಎಲ್ಲ ಇದೆ. ಅವನು ಊರಿನವನು. ದೆರ್ಸುವಿಗೆ ಯಾರೂ ಇಲ್ಲ, ಮನೆಯೂ ಇಲ್ಲ. ಸಿಡುಬು ಬಂತು ಅಂತ ಗುಡಿಸಲನ್ನೇ ಸುಟ್ಟರು. ಕುರೊಸಾವಾ ತನ್ನ ದೆರ್ಸುವಿಗೆ ನೆಂಟರನ್ನೇ ಇಟ್ಟಿಲ್ಲ. ಎಲ್ಲ ನಾನಾಯ್ ಜನರೂ ಹೀಗೆ ಒಂಟಿ ಅಲೆಯುತ್ತಿದ್ದರು ಅಂತ ನೋಡುವವನಿಗೆ ಅನ್ನಿಸಬೇಕು, ಹಾಗಿದೆ.

ಪುಸ್ತಕದಹುಳ:
ಒಳ್ಳೆ ಮಾತು. ನಾನಾಯ್ ಜನ ಇವತ್ತಿಗೂ ಇದ್ದಾರೆ. ರಷ್ಯಾದಲ್ಲಿ ಸುಮಾರು 12 ಸಾವಿರ ಮಂದಿ, ಹೆಚ್ಚಿನವರು ಅಮೂರ್ ನದಿಯ ದಡದ ಹಳ್ಳಿಗಳಲ್ಲಿ. ಚೀನಾದ ಕಡೆ ಅವರನ್ನು ಹೆಜೆ ಅನ್ನುತ್ತಾರೆ. ಮೂಲತಃ ಮೀನು ಹಿಡಿಯುವವರು, ಮೀನಿನ ಚರ್ಮದಿಂದಲೇ ಬಟ್ಟೆ ಹೊಲಿಯುತ್ತಿದ್ದವರು. ಸಿನಿಮಾ ನೋಡಿದರೆ ಇದ್ಯಾವುದೂ ಗೊತ್ತಾಗುವುದಿಲ್ಲ.

ಟೀಚರಮ್ಮ:
ನಾನು ಇದನ್ನು ಎರಡು ವರ್ಷದ ಹಿಂದೆ 9ನೇ ಕ್ಲಾಸಿನ ಮಕ್ಕಳಿಗೆ ತೋರಿಸಿದ್ದೆ. ಪೂರ್ತಿ ಅಲ್ಲ, ಗುಡಿಸಲಿನ ಭಾಗ ಮಾತ್ರ. ಮಳೆಯಲ್ಲಿ ಒಂದು ಪಾಳು ಗುಡಿಸಲು ಸಿಗುತ್ತದೆ. ರಾತ್ರಿ ಕಳೆಯುತ್ತಾರೆ. ಬೆಳಿಗ್ಗೆ ಹೊರಡುವ ಮುಂಚೆ ದೆರ್ಸು ಮರದ ತೊಗಟೆ ತಂದು ಮಾಡು ರಿಪೇರಿ ಮಾಡುತ್ತಾನೆ. ಆಮೇಲೆ ಕ್ಯಾಪ್ಟನ್ ಹತ್ತಿರ ಒಂದಿಷ್ಟು ಅಕ್ಕಿ, ಉಪ್ಪು, ಬೆಂಕಿಕಡ್ಡಿ ಕೇಳುತ್ತಾನೆ. ಸುತ್ತಿ ಗುಡಿಸಲಿನಲ್ಲಿ ಇಡುತ್ತಾನೆ. ನೀನು ಮತ್ತೆ ಇಲ್ಲಿಗೆ ಬರ್ತೀಯಾ ಅಂತ ಕೇಳಿದರೆ, ಇಲ್ಲ, ಬೇರೆ ಯಾರಾದರೂ ಬರ್ತಾರೆ, ಒಣ ಸೌದೆ ನೋಡ್ತಾರೆ, ಉಂಡು ಬದುಕ್ತಾರೆ ಅನ್ನುವ ಅರ್ಥದ ಮಾತು.

ಒಬ್ಬ ಹುಡುಗ ಎದ್ದು ನಿಂತು ‘ಮಿಸ್, ಕಳ್ಳ ಬಂದರೆ?’ ಅಂದ. ಎಲ್ಲರೂ ನಕ್ಕರು. ಹಿಂದಿನ ಸಾಲಿನ ಹುಡುಗಿ ‘ಕಳ್ಳನಿಗೂ ಹಸಿವಾಗುತ್ತಲ್ಲ’ ಅಂದಳು. ನಾನು ಪಾಠ ಮಾಡುವುದಕ್ಕೆ ಏನೂ ಉಳಿಯಲಿಲ್ಲ.

ನಿಮ್ಮ ಜಗಳ ಓದುವಾಗ ಅದೇ ನೆನಪಾಯಿತು ಹಳೇರೀಲು ಅವರೇ. ಮುಖವನ್ನೇ ನೋಡದ ಯಾರಿಗೋ ಏನು ಬೇಕು ಅಂತ ದೆರ್ಸುವಿಗೆ ಸರಿಯಾಗಿ ಗೊತ್ತಿತ್ತು. ಒಂದು ಹಿಡಿ ಅಕ್ಕಿ, ಕಡ್ಡಿಪೆಟ್ಟಿಗೆ. ಕ್ಯಾಪ್ಟನ್‌ಗೆ ದೆರ್ಸು ಆಪ್ತ ಗೆಳೆಯ, ಒಂದೇ ಸೂರಿನಡಿ ಇದ್ದವನು. ಅವನಿಗೆ ಏನು ಕೊಡಬೇಕು ಅಂತ ತಿಳಿಯಲಿಲ್ಲ. ತನಗೆ ಯಾವುದು ಅಮೂಲ್ಯ ಅನ್ನಿಸಿತೋ ಅದನ್ನು ಕೊಟ್ಟ.

ಬಯಲುಸೀಮೆ:
ಹಾಗಾದ್ರೆ ನನ್ನ ಪಕ್ಷವೇ ಗೆದ್ದಿತು!

ಟೀಚರಮ್ಮ:
ನೀವು ‘ಕೊಂದ’ ಅಂದಿರಿ. ನಾನು ‘ತಿಳಿಯಲಿಲ್ಲ’ ಅಂದೆ. ವ್ಯತ್ಯಾಸ ಇದೆ ಸ್ವಾಮಿ.

ಕೊರೆವಚಳಿ:
ಪಟ್ಟಣದ ಭಾಗ ಮಾತ್ರ ನನಗೆ ನೋಡಲು ಆಗುವುದಿಲ್ಲ. ನೀರು ಮಾರುವವನ ಜೊತೆ ಜಗಳ. ಹೊಳೆ ತುಂಬ ನೀರಿದೆ, ಅದಕ್ಕೆ ಯಾಕೆ ದುಡ್ಡು ಅಂತ. ಸೌದೆಗೆ ಅಂತ ಪಾರ್ಕಿನ ಮರ ಕಡಿಯಲು ಹೋಗಿ ಪೊಲೀಸರ ಕೈಗೆ ಸಿಕ್ಕುತ್ತಾನೆ. ಬೀದಿಯಲ್ಲಿ ಡೇರೆ ಹಾಕುವ ಹಾಗಿಲ್ಲ, ಗುಂಡು ಹಾರಿಸುವ ಹಾಗಿಲ್ಲ. ಒಲೆ ಮುಂದೆ ನೆಲದ ಮೇಲೆ ಬಾಗಿ ಕೂತಿರುತ್ತಾನೆ. ಕ್ಯಾಪ್ಟನ್‌ನ ಪುಟ್ಟ ಮಗನಿಗೆ ಮಾತ್ರ ಅವನು ಹೀರೋ.

ನನ್ನ ಅಪ್ಪ ಇಲ್ಲಿಗೆ ಮೂರು ತಿಂಗಳಿಗೆ ಬಂದಿದ್ದರು. ಐದನೇ ವಾರಕ್ಕೆ ಟಿಕೆಟ್ ಬದಲಿಸಿ ಅಂದರು. ಹಾಲಿನ ರುಚಿ ಸರಿಯಿಲ್ಲ ಅನ್ನುವ ಕಾರಣ ಕೊಟ್ಟರು. ನಾನು ನಾಲ್ಕು ಬ್ರ್ಯಾಂಡ್ ಹಾಲು ತಂದೆ.

ಗದ್ದೆಬದು:
ಹಾಲು ಅಲ್ಲ ಅಂತ ನಿಮಗೂ ಗೊತ್ತಿತ್ತು ಅಲ್ವಾ.

ಕೊರೆವಚಳಿ:
ಗೊತ್ತಿತ್ತು. ಆದರೂ ತಂದೆ.

ಪುಸ್ತಕದಹುಳ:
ಸಿನಿಮಾ ಮಾಡಿದವನ ಸ್ಥಿತಿಯೂ ಆಗ ಹಾಗೇ ಇತ್ತು. 1970ರ ಅವನ ಸಿನಿಮಾ ‘ದೊದೆಸ್ಕಾದೆನ್’ ಸೋತಿತು. ಅದಕ್ಕೂ ಮುಂಚೆ ಒಂದು ಹಾಲಿವುಡ್ ಯುದ್ಧದ ಚಿತ್ರದಿಂದ ಅವನನ್ನು ಹೊರಹಾಕಿದ್ದರು. 1971ರ ಡಿಸೆಂಬರ್‌ನಲ್ಲಿ ಕುರೊಸಾವಾ ಜೀವ ಕಳೆದುಕೊಳ್ಳಲು ಯತ್ನಿಸಿದ. ಜಪಾನಿನಲ್ಲಿ ದುಡ್ಡು ಹಾಕುವವರಿರಲಿಲ್ಲ. ಆಗ ಕರೆದವರು ಸೋವಿಯತ್‌ನವರು, ಅಲ್ಲಿನ ಸ್ಟುಡಿಯೋ ಮಾಸ್‌ಫಿಲ್ಮ್. ಹರೆಯದಲ್ಲೇ ಓದಿ ತಲೆಯಲ್ಲಿಟ್ಟುಕೊಂಡಿದ್ದ ಪುಸ್ತಕ ಇದು. ಜಪಾನಿ ಅಲ್ಲದ ಭಾಷೆಯಲ್ಲಿ ಅವನು ಮಾಡಿದ ಒಂದೇ ಸಿನಿಮಾ. 70 ಎಂಎಂನಲ್ಲಿ ತೆಗೆದದ್ದೂ ಇದೊಂದೇ. 1975ರಲ್ಲಿ ಮಾಸ್ಕೋ ಉತ್ಸವದಲ್ಲಿ ದೊಡ್ಡ ಬಹುಮಾನ. ಮರುವರ್ಷ ವಿದೇಶಿ ಭಾಷೆಯ ಆಸ್ಕರ್, ಅದೂ ಸೋವಿಯತ್ ದೇಶದ ಲೆಕ್ಕಕ್ಕೆ.

ಭಾಷೆ ಗೊತ್ತಿಲ್ಲದ ಕಾಡಿನಲ್ಲಿ, ದುಭಾಷಿಯನ್ನು ಪಕ್ಕದಲ್ಲಿಟ್ಟುಕೊಂಡು ಸಿನಿಮಾ ಮಾಡಿದ ಮುದುಕ ಅವನು. 60 ದಾಟಿತ್ತು. ಕಣ್ಣು ಮಂಜಾದ ಬೇಟೆಗಾರನ ಮೇಲೆ ಅವನಿಗೆ ಯಾಕೆ ಅಷ್ಟು ಮಮತೆ ಅಂತ ಬೇರೆ ಹೇಳಬೇಕಾ.

ನಿದ್ದೆಗೆಟ್ಟವನು:
ಅಪ್‌ಡೇಟ್: ನಿನ್ನೆ ರಾತ್ರಿ ಪೂರ್ತಿ ನೋಡಿದೆ. ನಿದ್ದೆ ಬರಲಿಲ್ಲ. ರೈಲು ಹಳಿಯ ಮೇಲೆ ಇಬ್ಬರೂ ಬೇರೆಯಾಗುವಾಗ ‘ಕಪಿತಾನ್!’ ‘ದೆರ್ಸು!’ ಅಂತ ಕೂಗಿಕೊಳ್ಳುತ್ತಾರಲ್ಲ, ಅಲ್ಲಿ ಲೈಟ್ ಹಾಕಿ ನೀರು ಕುಡಿದು ಬಂದೆ.

ಹಳೇರೀಲು:
ಸ್ವಾಗತ. ಬಾಟಲಿ ದೃಶ್ಯ ನೋಡಿದಿರಾ? ಸಿಪಾಯಿಗಳು ತೂಗಾಡುವ ಬಾಟಲಿಗೆ ಗುರಿಯಿಟ್ಟು ಗುಂಡು ಹಾರಿಸುತ್ತಾರೆ. ದೆರ್ಸು, ಒಡೀಬೇಡಿ, ಕಾಡಿನಲ್ಲಿ ಬಾಟಲಿ ಎಲ್ಲಿ ಸಿಗುತ್ತೆ ಅಂತಾನೆ. ಬಾಟಲಿಗೆ ಕಟ್ಟಿದ ದಾರಕ್ಕೇ ಹೊಡೆದು ಅದನ್ನು ಉಳಿಸುತ್ತಾನೆ. ನಮ್ಮ ಗುಂಪಿನ ಹಿರಿಯರೊಬ್ಬರು ಜೋರಾಗಿ ಚಪ್ಪಾಳೆ ಹೊಡೆದರು. ಅವರ ಮನೆಯಲ್ಲಿ 40 ಹಾರ್ಲಿಕ್ಸ್ ಬಾಟಲಿ ಇವೆಯಂತೆ.

ನಕಾಶೆ:
ಸೊಸೆಯಂದಿರಿಗೆ ತೋರಿಸಬೇಕಾದ ದೃಶ್ಯ.

ಟೀಚರಮ್ಮ:
ಅತ್ತೆಯಂದಿರಿಗೆ ಬೇಡವಾ? 😄

ಗದ್ದೆಬದು:
ಒಂದು ಸಂಶಯ ಉಳಿದಿದೆ. ಖಾಂಕಾದಲ್ಲಿ ಕೊಯ್ದದ್ದು ಜೊಂಡೋ ಆಪೋ? ನಮ್ಮ ಕೆರೆಯ ಆಪು ಆದರೆ ಚಾಪೆಗೆ ಒಳ್ಳೇದು. ಹಾಗೆ ಟೊಳ್ಳು ಇರುವುದಿಲ್ಲ, ಸ್ಪಂಜಿನ ಥರ ಇರುತ್ತದೆ.

ಕೊರೆವಚಳಿ:
ನೋಡಿದರೆ ಜೊಂಡಿನ ಹಾಗೇ ಇತ್ತು, ತುದಿಯಲ್ಲಿ ಕುಚ್ಚು. ಇನ್ನೊಮ್ಮೆ ನೋಡಿ ಹೇಳುತ್ತೇನೆ.

ಹಳೇರೀಲು:
ಬರುವ ತಿಂಗಳು ಎರಡನೇ ಭಾನುವಾರ ಮತ್ತೆ ಇದನ್ನೇ ಹಾಕುವುದು ಅಂತ ತೀರ್ಮಾನ ಆಯಿತು. ಜಗಳ ಮುಗಿದಿಲ್ಲ. ಮೈಸೂರಿನವರು ಬರುವುದಾದರೆ ಮೆಸೇಜ್ ಹಾಕಿ. ಚಾಪೆ ನೀವೇ ತನ್ನಿ, ಆಪಿನದ್ದಾದರೂ ಸರಿ.